ಗಿಳಿ ಒಪ್ಪಿದ ಸಂಬಂಧ

ಕಳೆದ ವಾರ ನನ್ನ ಮದುವೆ ಗೊತ್ತಾಯಿತು. ನಮ್ಮ ಕಡೆಯಿಂದ ಒಪ್ಪಿಗೆ ಕೊಟ್ಟದ್ದು ಒಂದು ಗಿಳಿ.

ನಗಬೇಡಿ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನಾನು ಮಾಲೂರಿನಲ್ಲಿ ಸ್ಕೂಲ್ ಮೇಷ್ಟರು. ಒಂಟಿ. ಒಂಟಿ ಗಂಡಸಿಗೆ ಬಾಡಿಗೆಗೆ ರೂಮು ಸಿಗುವುದೆಂದರೆ ಸಾಮಾನ್ಯವೇ? ಇಟ್ಟಿಗೆ ವ್ಯಾಪಾರದ ವೆಂಕಟಪ್ಪನವರು ದೊಡ್ಡ ಮನಸ್ಸು ಮಾಡಿ, ತಮ್ಮ ಮನೆಗೆ ಅಂಟಿಕೊಂಡ ಎರಡು ಕೋಣೆ ಕೊಟ್ಟರು. ಕಂಡೀಷನ್ ಒಂದೇ.

"ನಾಯಿ, ಬೆಕ್ಕು, ಕೋಳಿ, ಮೇಕೆ ಏನೂ ಕೂಡ್ದು ಮೇಷ್ಟ್ರೇ. ಜೀವ ಇರೋದು ಅಂದ್ರೆ ನೀವೊಬ್ರೇ."

(ಹಿಂದಿನ ಬಾಡಿಗೆಯವರ ಮೇಕೆ ಇವರ ಕೋಟಿನ ತೋಳು ತಿಂದಿತ್ತಂತೆ. ಕೋಟು ಆಗ ಇವರ ಮೈಮೇಲೇ ಇತ್ತಂತೆ.)

ಒಪ್ಪಿಕೊಂಡೆ. ಆಮೇಲೆ ಮುಳಬಾಗಿಲಿನಲ್ಲಿ ನನ್ನ ಸೋದರತ್ತೆ ತೀರಿಕೊಂಡರು. ತಾಯಿಯಿಲ್ಲದ ನನ್ನನ್ನು ಸಾಕಿದವರು. ಅವರು ಬಿಟ್ಟುಹೋದದ್ದು ಒಂದು ಗಿಳಿ. ಅದು ಥೇಟ್ ಅತ್ತೆಯ ಧ್ವನಿಯಲ್ಲಿ, ಅತ್ತೆಯ ತೆಲುಗಿನಲ್ಲಿ, "ಒರೇಯ್, ತಿನ್ನಾವಾ?" ಎನ್ನುತ್ತದೆ. ಊಟ ಆಯಿತೇನೋ ಎಂದು ನನ್ನನ್ನು ಕೇಳಲು ಇನ್ನು ಉಳಿದದ್ದು ಅದೊಂದೇ. ಬಿಟ್ಟು ಬರಲು ಮನಸ್ಸಾದೀತೇ? ಪಂಜರಕ್ಕೆ ಪಂಚೆ ಸುತ್ತಿ ಬಸ್ಸಿನಲ್ಲಿ ತಂದು ಒಳಕೋಣೆಯಲ್ಲಿಟ್ಟೆ.

ಮಾರನೆಯ ಬೆಳಿಗ್ಗೆಯೇ ವೆಂಕಟಪ್ಪನವರು ಬಾಗಿಲಲ್ಲಿ ನಿಂತಿದ್ದರು.

"ಒಳಗೆ ಯಾರೋ ಹೆಂಗಸು ಮಾತಾಡ್ದಂಗಾಯ್ತು?"

ಏನು ಹೇಳಲಿ? ಗಿಳಿ ಎಂದರೆ ರೂಮು ಹೋಗುತ್ತದೆ. ಹೆಂಗಸು ಎಂದರೆ ರೂಮಿನ ಜೊತೆ ಮಾನವೂ ಹೋಗುತ್ತದೆ.

"ನಮ್ಮ ಸೋದರತ್ತೆ, ಮುಳಬಾಗಿಲಿನಿಂದ ಬಂದಿದ್ದಾರೆ" ಎಂದುಬಿಟ್ಟೆ. "ವ್ರತದಲ್ಲಿದ್ದಾರೆ. ಯಾರಿಗೂ ಮುಖ ತೋರಿಸೋದಿಲ್ಲ."

ವೆಂಕಟಪ್ಪನವರ ಮುಖ ಅರಳಿತು. ಮನೆಯಲ್ಲಿ ಹಿರಿಯರಿದ್ದರೆ ಹುಡುಗನ ಕ್ಯಾರೆಕ್ಟರ್ ಕೆಡುವುದಿಲ್ಲ ಎಂದು ಅವರ ನಂಬಿಕೆ. ಅವರ ಹೆಂಡತಿ ಲಕ್ಷ್ಮಮ್ಮನವರಂತೂ ನಾನು ಸ್ಕೂಲಿನಲ್ಲಿರುವಾಗ ಮುಚ್ಚಿದ ಕಿಟಕಿಯ ಹೊರಗೆ ಕೂತು ಅತ್ತೆಯೊಡನೆ ಕಷ್ಟಸುಖ ಮಾತಾಡತೊಡಗಿದರು.

"ನಿಮ್ಮತ್ತೆ ಎಷ್ಟು ಒಳ್ಳೇವ್ರು ಮೇಷ್ಟ್ರೇ! ನಾನು ಹೇಳಿದ್ದೆಲ್ಲಾ ಕೇಳಿಸ್ಕೊತಾರೆ. ನಡುವೆ ಒಂದೇ ಮಾತು, ಉಂಡ್ಯಾ ಅಂತ. ನಮ್ಮನೇಲಿ ಅದನ್ನ ಯಾರು ಕೇಳ್ತಾರೆ ಹೇಳಿ?"

(ಹೆಂಗಸನ್ನು 'ಒರೇಯ್', ಅಂದರೆ 'ಲೋ', ಎನ್ನುವುದೇಕೆಂದು ಆಕೆ ಕೇಳಲಿಲ್ಲ. ವ್ರತದ ನಿಯಮವಿರಬೇಕು ಎಂದುಕೊಂಡಿದ್ದರಂತೆ.)

ಕಳೆದ ಭಾನುವಾರ ಗಂಡಹೆಂಡತಿ ಇಬ್ಬರೂ ತಾಂಬೂಲದ ತಟ್ಟೆ ಹಿಡಿದು ಬಂದರು. ಶ್ರೀನಿವಾಸಪುರದಲ್ಲಿ ಲಕ್ಷ್ಮಮ್ಮನವರ ತಂಗಿಯ ಮಗಳು ಸರೋಜ ಇದ್ದಾಳೆ. (ಅವಳು ಇಲ್ಲಿಗೆ ಬಂದಿದ್ದಾಗ ನೋಡಿದ್ದೆ. ನೋಡಲು ಆದಷ್ಟು ಸಲ ನೋಡಿದ್ದೆ.) ನನ್ನನ್ನು ಯಾರೂ ಕೇಳಲಿಲ್ಲ. ವೆಂಕಟಪ್ಪನವರು ನೇರವಾಗಿ ಒಳಕೋಣೆಯ ಬಾಗಿಲಿಗೆ ಕೈಮುಗಿದರು.

"ಅಮ್ಮಾ, ಹುಡುಗಿ ನಮ್ಮನೇದು. ತಮಗೆ ಒಪ್ಪಿಗೇನಾ?"

ಒಳಗಿನಿಂದ ಸ್ಪಷ್ಟವಾಗಿ ಬಂತು: "ಸರೇ, ಕಾನೀ."

ಸರಿ, ಆಗಲಿ! ಸೊಪ್ಪಿನವಳೊಡನೆ ಚೌಕಾಸಿ ಮುಗಿದಾಗ ಅತ್ತೆ ಹೇಳುತ್ತಿದ್ದ ಮಾತದು.

ಲಕ್ಷ್ಮಮ್ಮನವರು ಸಂತೋಷ ತಡೆಯಲಾರದೆ, ಕಾಲಿಗೆ ಬೀಳುತ್ತೇನೆಂದು ಬಾಗಿಲು ತಳ್ಳಿಯೇಬಿಟ್ಟರು. ಒಳಗೆ ಪಂಜರ. ಪಂಜರದಲ್ಲಿ ಅತ್ತೆ, ಒಂದು ಕಾಲಿನಲ್ಲಿ ಹಸಿಮೆಣಸಿನಕಾಯಿ ಹಿಡಿದು ತಿನ್ನುತ್ತಿದ್ದರು.

ಇನ್ನು ಮುಚ್ಚಿಡುವುದೇನು? ಎಲ್ಲ ಹೇಳಿದೆ. ಅತ್ತೆ ಹೋದದ್ದು, ಧ್ವನಿ ಮಾತ್ರ ಉಳಿದದ್ದು. ಹೇಳುತ್ತಾ ಕಣ್ಣು ತುಂಬಿತು. ಸಾಮಾನು ಕಟ್ಟುವುದೊಂದೇ ಬಾಕಿ ಎಂದುಕೊಂಡೆ.

"ಗಿಳಿ ಅಂದ್ಮೇಲೆ ರೂಮು ಖಾಲಿ ಮಾಡಿಸ್ಲೇಬೇಕು" ಎಂದರು ವೆಂಕಟಪ್ಪ. "ನಾನು ಆಡಿದ ಮಾತು ಅದು."

ಲಕ್ಷ್ಮಮ್ಮನವರು ಗಂಡನ ಕಡೆ ತಿರುಗಿದರು. "ಈಗ್ತಾನೆ ಕೈಮುಗಿದು 'ಅಮ್ಮಾ' ಅಂದ್ರಲ್ಲ, ಯಾರಿಗೆ? ಗಿಳಿಗಾ?"

ಗಿಳಿಗೆ ಕೈಮುಗಿದ ವ್ಯಾಪಾರಿ ಎಂದು ಮಾಲೂರಿಗೆಲ್ಲ ಗೊತ್ತಾದರೆ? ವೆಂಕಟಪ್ಪನವರು ಬೀದಿಬಾಗಿಲ ಕಡೆ ಒಮ್ಮೆ ನೋಡಿದರು. ಕೊನೆಗೆ, "ಹಿರಿಯರು ಒಪ್ಪಿದ್ಮೇಲೆ ಮುಗೀತು ಬಿಡಿ" ಎಂದು ತಟ್ಟೆಯನ್ನು ಪಂಜರದ ಮುಂದಿಟ್ಟರು.

ಸರೋಜಳಿಗೂ ವಿಷಯ ಮುಟ್ಟಿದೆ. ನಕ್ಕು ನಕ್ಕು ಸಾಕಾಗಿ, "ಆ ಅತ್ತೆಗೆ ಬೈಯೋಕೆ ಬರಲ್ಲ ತಾನೇ? ಹಂಗಾದ್ರೆ ಸರಿ" ಎಂದಳಂತೆ.

ಈಗ ಹೊಸ ಸಮಸ್ಯೆ. ವೆಂಕಟಪ್ಪನವರು ಗಂಡಿನ ಕಡೆಯ ಹಿರಿಯರಿಗೆಂದು ಹೇಗೋ ಒಂದು ಸೀರೆ ಸಂಪಾದಿಸಿ ತಂದಿದ್ದಾರೆ. ಬಟ್ಟೆಗೂ ರೇಷನ್ ಬಂದು ಊರಿಗೆ ಊರೇ ಕಂಟ್ರೋಲ್ ಬಟ್ಟೆಗೆ ಕ್ಯೂ ನಿಂತಿರುವಾಗ, ನೀವೇ ಹೇಳಿ, ಗಿಳಿಗೆ ಎಷ್ಟು ಗಜ ಬೇಕು?