ಬೊಳ್ಳಿಯ ಬಕೆಟ್ಟು

ದೆವ್ವಗಳ ವಿಷಯದಲ್ಲಿ ಲಂಡನ್ನಿನ ಹೌನ್ಸ್ಲೋದಲ್ಲಿ ನನ್ನಷ್ಟು ಧೈರ್ಯ ಯಾರಿಗೂ ಇಲ್ಲ. ನಾನೊಮ್ಮೆ ಕೆಮ್ಮಿದರೆ ಹೀಥ್ರೂ ವಿಮಾನ ನಿಲ್ದಾಣದವರೆಗಿನ ಪಿಶಾಚಿಗಳೆಲ್ಲ ವೀಸಾ ರದ್ದಾದವರಂತೆ ಗಂಟುಮೂಟೆ ಕಟ್ಟುತ್ತವೆ. ಅದಕ್ಕೇ ಪಕ್ಕದ ಬೀದಿಯ ಅವಿಲ್ ನನ್ನನ್ನು ಹುಡುಕಿಕೊಂಡು ಬಂದ.

"ಅಂಕಲ್, ಯಾವುದೋ ದೆವ್ವ ಬರುತ್ತೆ ಅಂತ ಮಮ್ಮಿ ಹಿತ್ತಲಲ್ಲಿ ಬಕೆಟ್ ಇಡೋದನ್ನ ನಿಲ್ಲಿಸಿಕೊಡಿ. ನಾತಕ್ಕೆ ಪಕ್ಕದ್ಮನೆಯವ್ರು ಕೌನ್ಸಿಲ್‌ಗೆ ಕಂಪ್ಲೇಂಟ್ ಮಾಡ್ತಾರಂತೆ."

ಅವನ ತಾಯಿ ಜೂಡಿತ್ ಕಾರ್ಕಳದ ಕಡೆಯವರು. ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಅವರು ಕಟ್ಟಿದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರೆ ಚಂದ್ರನ ಗಲ್ಲಕ್ಕೆ ತಗಲುತ್ತವೆ. ಆದರೆ ಮಾರ್ಚ್ ಬಂತೆಂದರೆ ಸಾಕು, ಮಳೆಗಾಲದವರೆಗೆ, ಅಂದರೆ ಊರಿನ ಮಳೆಗಾಲದವರೆಗೆ, ಪ್ರತಿ ಮುಸ್ಸಂಜೆ ಹಿತ್ತಲ ಗೇಟಿನ ಬಳಿ ಒಂದು ಬಕೆಟ್. ಅದರಲ್ಲಿ ಅಕ್ಕಿ ತೊಳೆದ ಅಕ್ಕಚ್ಚು, ಕ್ವೀನ್ಸ್‌ಬರಿಯ ಭಾರತೀಯ ಅಂಗಡಿಯವರು ಎಸೆಯುವ ಹಲಸಿನ ಸಿಪ್ಪೆ, ಕುದುರೆ ಮೇವಿನ ಅಂಗಡಿಯಿಂದ ತಂದ ಒಂದು ಹಿಡಿ ಹಿಂಡಿ.

"ಯಾರಿಗೆ ಬಾಯಮ್ಮ ಇದು?" ಅವರ ಹಿತ್ತಲಿಗೆ ಹೋಗಿ, ಅವರ ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವಂತೆಯೇ ಕರೆದು ಕೇಳಿದೆ.

"ನಮ್ಮ ದನ ಬೊಳ್ಳಿಗೆ. ಬೇಸಗೆಯಲ್ಲಿ ಗುಡ್ಡೆಯ ಹುಲ್ಲೆಲ್ಲ ಒಣಗಿ ಹೋಗ್ತದೆ ಮಾರಾಯ್ರೆ. ಇಡೀ ದಿನ ಮೇದರೂ ಹೊಟ್ಟೆ ತುಂಬುದಿಲ್ಲ. ಸಂಜೆ ಬಕೆಟ್ ಉಂಟು ಅಂತಲೇ ಅವಳು ತಾನಾಗಿ ಮನೆಗೆ ಬರುದು. ನಾನು ಲಂಡನ್ನಿಗೆ ಹೊರಟ ದಿವಸ ಗಡಿಬಿಡಿಯಲ್ಲಿ ಇಡ್ಲಿಕ್ಕೆ ಮರೆತೆ. ಗೇಟಿನವರೆಗೆ ಬಂದು, ಮೂಸಿ, ತಿರುಗಿ ಹೋದಳಂತೆ. ಮತ್ತೆ ಸಿಗಲಿಲ್ಲ."

"ದನಕ್ಕೆ ಲಂಡನ್ ದಾರಿ ಗೊತ್ತೇನು?"

"ಬಕೆಟ್ ಇಟ್ಟರೆ ಗೊತ್ತಾಗ್ತದೆ."

"ಸರಿ, ಇವತ್ತು ನಾನೂ ಕೂತು ನೋಡ್ತೀನಿ. ಏನೂ ಬರದಿದ್ರೆ ನಾಳೆಯಿಂದ ಬಕೆಟ್ ಬೇಡ."

ಅವರು ಬಕೆಟ್ಟಿಗೆ ಇನ್ನೊಂದು ಹಿಡಿ ಹಿಂಡಿ ಹಾಕಿದರು. ಆಮೇಲೆ ಒಪ್ಪಿ ತಲೆಯಾಡಿಸಿದರು.

ಹಿಂಬದಿಯ ಮೆಟ್ಟಿಲ ಮೇಲೆ ಕೂತೆವು. ಒಂದು ವಿಮಾನ ನಮ್ಮ ಕೂದಲು ಬಾಚಿಕೊಂಡು ಇಳಿಯಿತು. ಅದರ ಸದ್ದು ಅಡಗಿದ ಮೇಲೆ ಉಳಿದ ಮೌನದಲ್ಲಿ, ಆ ಒದ್ದೆ ಚಳಿಯಲ್ಲಿ, ಬಿಸಿಲಿಗೆ ಕಾದ ಮಣ್ಣಿನ ವಾಸನೆ ಬಂತು. ಗೇಟಿನಾಚೆ ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ಕೊರಳ ಗಂಟೆಯೊಂದು ಒಂದೇ ಸಲ ಅಲುಗಿತು. ಬಕೆಟ್ ಕಲ್ಲಿನ ಮೇಲೆ ಕರಕರ ಸರಿಯಿತು.

ಜೂಡಿತ್ ಕದಲಲಿಲ್ಲ. ನಾನು ಎಲ್ಲಿದ್ದೆ ಅಂದರೆ, ಅಡುಗೆಮನೆಯಲ್ಲಿ, ಫ್ರಿಜ್ಜಿನ ಹಿಂದೆ. ನನ್ನ ಕಾಲುಗಳು ನನ್ನನ್ನು ಕೇಳದೆಯೇ ಬಂದು ಚಿಲಕವನ್ನೂ ಹಾಕಿದ್ದವು.

"ನರಿ ಇರಬೇಕು ಬಾಯಮ್ಮ," ಅಂದೆ ಒಳಗಿನಿಂದಲೇ. "ಆದ್ರೂ ನೀವು ಇಡಿ. ಪಕ್ಕದ್ಮನೆಯವರ ಹತ್ತಿರ ನಾನು ಮಾತಾಡ್ತೀನಿ."

ಚಿಲಕ ತೆಗೆದಾಗ ಅವರು ಬಕೆಟ್ ಹಿಡಿದು ನಿಂತಿದ್ದರು. ತಳ ನೆಕ್ಕಿದಂತೆ ಹೊಳೆಯುತ್ತಿತ್ತು.

"ನಾಳೆ ನಿಮ್ಮ ಮನೆಯ ಸಿಪ್ಪೆಯನ್ನೂ ತನ್ನಿ ಮಾರಾಯ್ರೆ," ಅಂದರು. "ಬರೀ ಧೈರ್ಯ ಹಾಕಿದರೆ ಅವಳು ತಿನ್ನುದಿಲ್ಲ."