ಓಣಿ ಸುಮ್ಮನಿದ್ದ ಶುಕ್ರವಾರ

ಗಂಡನ ಹೆಸರು ಬಾಯಲ್ಲಿ ಹಿಡಿಯಬಾರದೆಂದು ನಮ್ಮವ್ವ ಕಲಿಸಿ ಕಳಿಸಿದ್ದಳು. ಮದುವೆಯಾಗಿ ಇಷ್ಟು ವರ್ಷ ಹಾಗೆಯೇ ನಡೆದುಕೊಂಡೆ. ಆದರೆ ಓಣಿಯ ಮಂದಿಯೆಲ್ಲ ಅವನ ಹೆಸರು ಹಿಡಿದು ಬಾಯಿಗೆ ಬಂದಂತೆ ಆಡಿಕೊಂಡ ಮೇಲೆ ನಾನೊಬ್ಬಳು ಮುಚ್ಚಿಟ್ಟು ಏನು ಮಾಡಲಿ? ಶ್ರೀಧರ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹುಟ್ಟಿ, ಮಗ್ಗ ಬಿಟ್ಟು, ಸೌಂಡ್ ಬಾಕ್ಸ್ ಹಿಡಿದವನು. ಎದುರಿಗೆ ನಿಂತಾಗ 'ರೀ' ಅನ್ನುತ್ತೇನೆ. ಇಲ್ಲಿ ಬರೆಯುವಾಗ 'ಅವನು' ಎಂದೇ ಬರೆಯುತ್ತೇನೆ. ಅಷ್ಟು ಸಿಟ್ಟು ನನಗೆ ಇನ್ನೂ ಇದೆ.

ಅವನ ಕೆಲಸ ಬಸ್ ಸ್ಟ್ಯಾಂಡ್ ಹತ್ತಿರದ ಆಫ್ತಾಬಣ್ಣನ ಸೌಂಡ್ ಸರ್ವಿಸಿನಲ್ಲಿ. ಬೆಳವಣಕಿಯಲ್ಲಿ ಲಗ್ನ, ಚಿಕ್ಕನರಗುಂದದಲ್ಲಿ ಸೀಮಂತ, ಎಲ್ಲಿ ಕರೆದರೂ ಬಾಕ್ಸ್ ಹೊತ್ತು ಹೋಗಿ, ವೈರ್ ಎಳೆದು, ಮಂದಿ ಕುಣಿಯುವಂಥ ಹಾಡು ಹಚ್ಚಿ ಬರುತ್ತಾನೆ. ಮನೆಗೆ ಬಂದ ಮೇಲೆ ಅವನದು ಬೇರೆಯೇ ಸಂಗೀತ. ಪದವಿಲ್ಲ, ಪಲ್ಲವಿಯಿಲ್ಲ. ಆಂಬಿಯೆಂಟ್ ಅಂತ, ಡಬ್ ಅಂತ, ಡೌನ್‌ಟೆಂಪೋ ಅಂತ. ಮೊದಮೊದಲು ನಾನು ಫ್ಯಾನ್ ಕೆಟ್ಟಿದೆಯೇನೋ ಎಂದು ಎದ್ದು ನೋಡುತ್ತಿದ್ದೆ. ಅವನು ಬೇಜಾರಿಲ್ಲದೆ ತಿಳಿಸಿ ಹೇಳುತ್ತಿದ್ದ. ಆಂಬಿಯೆಂಟ್ ಅಂದರೆ ಹಾಡಲ್ಲವಂತೆ, ಒಂದು ಜಾಗದ ಗಾಳಿಯಂತೆ. ಡೌನ್‌ಟೆಂಪೋ ಅಂದರೆ ಉಳುವ ಗಳೆ ಬಿಟ್ಟ ಎತ್ತು ಮನೆಗೆ ಬರುವ ನಡಿಗೆಯಂತೆ. ಡಬ್ ಅಂದರೆ ಹಾಡಿನ ಮೈಯೆಲ್ಲ ತೆಗೆದು ಎಲುಬಷ್ಟೇ ಉಳಿಸಿ, ಒಂದು ಸದ್ದನ್ನು ಬಾವಿಗೆ ಬಿಟ್ಟ ಹಾಗೆ ಮತ್ತೆ ಮತ್ತೆ ಕೇಳಿಸುವುದಂತೆ.

ಶುಕ್ರವಾರ ಬಂತೆಂದರೆ ಲೋಕದ ತುಂಬ ಹೊಸ ಆಲ್ಬಮ್‌ಗಳು ಬಿಡುಗಡೆಯಾಗುತ್ತವೆ. ಅವನ್ನೆಲ್ಲ ಕೇಳಿ, ಫೋನಿನ ಮುಂದೆ ಕೂತು, ಈ ವಾರ ಯಾವುದು ಬಂತು, ಯಾವುದು ಚಲೋ ಇದೆ, ಯಾವುದು ಬರೀ ಸೋಗು ಎಂದು ನಮ್ಮ ಭಾಷೆಯಲ್ಲೇ ಹೇಳುವ ಒಂದು ಚಾನೆಲ್ ನಡೆಸುತ್ತಾನೆ. ಕೇಳುವವರು ಎಷ್ಟು ಮಂದಿ ಎಂದು ಕೇಳಬೇಡಿ. ಒಂದು ಟಂಟಂ ಗಾಡಿ ತುಂಬಿದರೆ ಹೆಚ್ಚು.

ಮಾವ ತೀರಿಕೊಂಡ ಮೇಲೆ ಅವನು ಮಗ್ಗ ಬಿಚ್ಚಿದ. ಮಗ್ಗದ ಕುಣಿಗೆ ಮಣ್ಣು ತುಂಬಿ, ಮೇಲೆ ಫರಸಿ ಕಲ್ಲು ಹಾಸಿ, ತನ್ನ ಎರಡು ದೊಡ್ಡ ಬಾಕ್ಸ್ ಇಟ್ಟ. ಮಾವ ಕಾಲಿಳಿಬಿಟ್ಟು ಪಟ್ಟೇದಂಚು ಸೀರೆ ನೇಯುತ್ತಿದ್ದ ಜಾಗವದು.

ಬಾಜೂ ಮನೆ ಮುದಿಯಪ್ಪ ಕಾಕಾನದು. ನಮ್ಮ ಮಾವನ ಗೆಳೆಯ. ಕಾಕಾನ ಮಗ್ಗ ಬೆಳಗಿನಿಂದ ಸಂಜೆತನಕ ನಮ್ಮ ಗೋಡೆಯಾಚೆ ಹೊಡೆಯುತ್ತಲೇ ಇರುತ್ತಿತ್ತು. ಕಾಲಡಿಯ ಹಲಗೆ ತುಳಿದಾಗ 'ಕಿರ್' ಅನ್ನುವುದು, ನೂಲು ಹೊತ್ತ ಲಾಳಿ ಅತ್ತಿತ್ತ ಓಡುವುದು, ಎಳೆ ಒತ್ತುವ ಹಣಿಗೆ ಬಡಿಯುವುದು, ನಡುವೆ ಕಾಕಾ ಕೆಮ್ಮುವುದು. ಆ ಸಪ್ಪಳದಿಂದಲೇ ತನ್ನದೊಂದು ಡಬ್ ಮಾಡಬೇಕೆಂದು ಶ್ರೀಧರನ ತಲೆಗೆ ಹೊಕ್ಕಿತು. ಒಂದು ಮೈಕ್ ಒಯ್ದು ಕಾಕಾನ ಜಂತಿಗೆ ತೂಗುಬಿಟ್ಟ.

"ಅಲ್ಲೋ ಹುಚ್ಚಪ್ಪಾ, ಮಗ್ಗದ ಸಪ್ಪಳ ಯಾರ ಕೇಳ್ತಾರ?" ಎಂದು ಕಾಕಾ ನಕ್ಕರು. "ನಾವು ಅದನ್ನ ಕೇಳಿ ಕೇಳಿ ಕಿವುಡ ಆಗೇವಿ."

"ಕೇಳ್ತಾರ್ರಿ ಕಾಕಾ. ದೂರದ ಊರಾಗ ಕಣ್ಣ ಮುಚ್ಚಿಕೊಂಡ ಕೇಳ್ತಾರ."

"ನಾ ಕೆಮ್ಮಿದ್ದೂ ಬಂತೇನ?"

"ಬರ್ಲಿ ಬಿಡ್ರಿ. ಅದೂ ಚಲೋನ ಐತಿ."

"ಹಂಗಾರ ನನಗೂ ಒಮ್ಮಿ ಕೇಳಸು."

"ಈಗ ಬ್ಯಾಡ್ರಿ, ಇನ್ನೂ ಹಸಿ ಐತಿ. ಬಿಡುಗಡಿ ಆದ ದಿನ ಎಲ್ಲಾರಿಗಿಂತ ಮೊದಲ ನಿಮಗ ಕೇಳಸ್ತೀನಿ."

ಅದಾದ ಮೇಲೆ ಕಾಕಾ ಸಿಕ್ಕಾಗೆಲ್ಲ "ಬೆಂತೇನ ತಮ್ಮಾ ನಿನ್ನ ಅಡಗಿ?" ಎಂದು ಕೇಳುವುದು, ಇವನು "ಇನ್ನೊಂದೀಟು ಕಾಕಾ" ಅನ್ನುವುದು. ಕೇಳಿಸಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಗೋಡೆ ದಾಟಿದರೆ ಅವರ ಮನೆ. ಇಲ್ಲ, ಎಲ್ಲ ನೆಟ್ಟಗಾಗಬೇಕು, ಶುಕ್ರವಾರವೇ ಬರಬೇಕು.

ನಮ್ಮ ಓಣಿಯಲ್ಲಿ ಒಂದು ನಡಾವಳಿ ಇದೆ. ಯಾರ ಮನೆಯಲ್ಲೇ ಸಾವಾಗಲಿ, ಓಣಿಯ ಎಲ್ಲ ಮಗ್ಗ ನಿಲ್ಲುತ್ತವೆ. ಮೂರನೆಯ ದಿನ ಬಾಜೂ ಮನೆಯ ಗಂಡಸು ಬಂದು ಸತ್ತವರ ಮಗ್ಗದಲ್ಲಿ ಕೂತು ಒಂದು ಗೇಣು ನೇಯಬೇಕು. ಅದಕ್ಕೆ ಮಗ್ಗ ಎಬ್ಬಿಸುವುದು ಅನ್ನುತ್ತೇವೆ. ಅದಾಗುವ ತನಕ ಬೇರೆ ಯಾರೂ ಲಾಳಿ ಮುಟ್ಟುವುದಿಲ್ಲ. ಮಾವ ಹೋದಾಗ ನಮ್ಮ ಮಗ್ಗ ಎಬ್ಬಿಸಿದವರು ಮುದಿಯಪ್ಪ ಕಾಕಾನೇ.

ಬಿಡುಗಡೆಗೆ ಗೊತ್ತು ಮಾಡಿದ ಆ ಶುಕ್ರವಾರ ಮುಂಜಾನೆ ಕಾಕಾ ಚಹಾ ಕುಡಿದು, ಕುಣಿಗೆ ಇಳಿಯಲು ಎದ್ದವರು ಅಲ್ಲೇ ಕುಸಿದರು. ದವಾಖಾನೆಗೆ ಒಯ್ಯುವ ಪ್ರಸಂಗವೂ ಬರಲಿಲ್ಲ. ಶ್ರೀಧರ ಹಿಂದಿನ ದಿನವೇ ಚಿಕ್ಕನರಗುಂದದ ಲಗ್ನಕ್ಕೆ ಹೋಗಿದ್ದ. ನಾನು ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ಕಾಕಾನ ಹೆಂಡತಿ ಶಿವಬಸವ್ವ ಚಿಗವ್ವನ ಹತ್ತಿರ ಓಡಿದೆ. ನನ್ನ ಫೋನು ಮನೆಯಲ್ಲಿ ಚಾರ್ಜಿಗೆ ಹಚ್ಚಿದ್ದು ಹಾಗೇ ಉಳಿಯಿತು. ಮುಂದಿನ ಬಾಗಿಲಿನಿಂದ ಬಂದರೆ ಮಂದಿಯನ್ನು ಕಂಡು ತಿಳಿಯುತ್ತಾನೆ ಎಂದುಕೊಂಡೆ.

ಅವನು ಮುಂದಿನಿಂದ ಬರಲಿಲ್ಲ. ಬಾಕ್ಸ್ ಗಾಡಿ ಅವನನ್ನು ಹಿತ್ತಲ ಸಂದಿಯಲ್ಲಿ ಇಳಿಸಿ ಹೋಯಿತು.

ಕಾಕಾನ ಹಣೆಗೆ ವಿಭೂತಿ ಹಚ್ಚಿ, ಜಗುಲಿಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದ್ದರು. ಓಣಿಯ ಮಂದಿಯೆಲ್ಲ ನೆರೆದಿದ್ದರು. ಅಳುವವರು ಅತ್ತು ದಣಿದು, ಬಹಳ ಹೊತ್ತಿನಿಂದ ಎಲ್ಲರೂ ಸುಮ್ಮನಾಗಿದ್ದೆವು. ಆಗ ಮಗ್ಗ ಹೊಡೆಯಿತು.

'ಕಿರ್' ಎಂದಿತು. ಲಾಳಿ ಓಡಿತು. ಹಣಿಗೆ ಬಡಿಯಿತು. ನೆಲ ಅದುರುವಷ್ಟು ದೊಡ್ಡದಾಗಿ.

"ಯಾವನಲೇ ಅಂವ, ಓಣ್ಯಾಗ ಹೆಣ ಇಟ್ಕೊಂಡು ಮಗ್ಗ ಹೊಡ್ಯಾಂವ?" ಎಂದು ಓಣಿ ತುದಿಯ ಪರಶು ಚೀರಿ ಎದ್ದ. ಪರಶು ನೇಯುವುದರಲ್ಲಿ ಗಟ್ಟಿಗ, ಬಾಯಿಯಲ್ಲೂ ಗಟ್ಟಿಗ. ನನಗೆ ಮೊದಲ 'ಕಿರ್' ಕೇಳಿದಾಗಲೇ ಗೊತ್ತಾಗಿಹೋಗಿತ್ತು. ಅಷ್ಟರಲ್ಲಿ ಕೆಮ್ಮು ಬಂತು. ಮುದಿಯಪ್ಪ ಕಾಕಾನ ಕೆಮ್ಮು. ಒಮ್ಮೆ ಬಂದು, ಬಾವಿಯೊಳಗಿನಿಂದ ಬಂದ ಹಾಗೆ ಮತ್ತೆ ಬಂದು, ಮತ್ತೆ ಬಂತು.

ಶಿವಬಸವ್ವ ಚಿಗವ್ವ ಎದ್ದು ನಿಂತಳು. ಜಗುಲಿಯ ಮೇಲೆ ಕೂತಿದ್ದ ಗಂಡನ ಮುಖ ನೋಡಿದಳು, ನಮ್ಮ ಮನೆಯ ಕಡೆ ನೋಡಿದಳು, ತಿರುಗಿ ಗಂಡನನ್ನು ನೋಡಿದಳು. ಆ ನೋಟವನ್ನು ನಾನು ಸಾಯುವತನಕ ಮರೆಯುವುದಿಲ್ಲ. ಭೂಮಿ ಬಾಯಿ ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು.

ಹಿತ್ತಲಿಂದ ಓಡಿದೆ. ಅವನು ಫೋನ್ ಎದುರಿಗಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದ. ಡಬ್ ಹಾಡನ್ನು ಎದೆಯಿಂದ ಕೇಳಬೇಕಂತೆ, ಅದಕ್ಕೇ ದೊಡ್ಡ ಬಾಕ್ಸ್. ವೈರ್ ಕಿತ್ತು ಎಸೆದೆ.

"ಏ ಮಧು! ಬಿಡುಗಡಿ ನಡದೈತಿ, ಮಂದಿ ಕೇಳಾಕತ್ತಾರ..."

"ಕಾಕಾ ಹೋದ್ರು ರೀ. ಓಣಿ ಕೇಳಾಕತ್ತೈತಿ."

"ನಾ ಬಂದಾಗ ಒಂದ ಮಗ್ಗನೂ ಹೊಡಿತಿರಲಿಲ್ಲ ಮಧು," ಎಂದ. "ಚಲೋ ಆತು, ಗದ್ಲ ಇಲ್ಲ ಅಂದ್ಕೊಂಡೆ. ಗ್ವಾಡಿ ಆಚೆ ಕಾಕಾಗ ಕೇಳಲಿ ಅಂತ ಹಚ್ಚಿದೆ."

ನೇಕಾರನ ಮಗ ಆಡುವ ಮಾತೇ ಅದು? ಓಣಿ ಸುಮ್ಮನಿದೆ ಎಂದರೆ ಏನೆಂದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ತಿಳಿದೀತು. ಲೋಕದ ಸಣ್ಣ ಸಣ್ಣ ಸದ್ದನ್ನೆಲ್ಲ ಹೆಕ್ಕಿ ಹೇಳುವವನಿಗೆ ತನ್ನ ಓಣಿ ಬಾಯಿ ಮುಚ್ಚಿದ್ದು ಕೇಳಲಿಲ್ಲ. ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ಅವನು ಅಳುತ್ತಿದ್ದುದನ್ನು ನೋಡಿ ಬಿಟ್ಟೆ.

ಮಣ್ಣಿಗೆ ಒಯ್ಯುವಾಗ ಅವನು ಹೆಗಲು ಕೊಡಲು ಮುಂದೆ ಹೋದ. ಪರಶು ಮೊಣಕೈಯಿಂದ ಅತ್ತ ಸರಿಸಿದ. ಯಾರೂ ಯಾಕೆಂದು ಕೇಳಲಿಲ್ಲ. ಎಲ್ಲರ ಹಿಂದೆ, ಬಂದೂ ಬರದವನ ಹಾಗೆ ನಡೆದು ಹೋಗಿ ಬಂದ. ಸಂಜೆ ಸ್ನಾನ ಮಾಡಿ, ಫೋನ್ ಮತ್ತು ಲ್ಯಾಪ್‌ಟಾಪ್ ಹಿಡಿದು ಕೂತ.

"ಏನ್ ಮಾಡಾಕತ್ತೀರಿ?"

"ಅಳಸಾಕತ್ತೀನಿ. ಆ ಸಪ್ಪಳ ಇನ್ನ ಯಾರ ಕಿವಿಗೂ ಬೀಳಬಾರದು."

ಬಿಡುಗಡೆಯಾದದ್ದನ್ನು ತೆಗೆದ. ಮನೆಯಲ್ಲಿದ್ದ ಮೂಲವನ್ನೂ ತೆಗೆದ. ಜಂತಿಗೆ ಮೈಕ್ ಕಟ್ಟಿ ಹಿಡಿದದ್ದೆಲ್ಲವನ್ನೂ, ಬೇರು ಸಮೇತ. ನಾನು ನೋಡುತ್ತ ನಿಂತಿದ್ದೆ. ಹಾಳಾಗಿ ಹೋಗಲಿ, ನಮ್ಮ ಮಾನ ಕಳೆದದ್ದು ಎಂದೇ ನನಗೂ ಇತ್ತು.

ಇನ್ನು ನಮಗಿದ್ದದ್ದು ಒಂದೇ ಅಂಜಿಕೆ. ಮೂರನೆಯ ದಿನ ಚಿಗವ್ವ ಇವನನ್ನು ಕರೆಯುತ್ತಾಳೋ ಇಲ್ಲವೋ? ಬಾಜೂ ಮನೆಯವರನ್ನು ಬಿಟ್ಟು ಬೇರೆಯವರನ್ನು ಕರೆದರೆ ಆ ಓಣಿಯಲ್ಲಿ ನಾವು ಸತ್ತ ಹಾಗೆಯೇ. ಅಲ್ಲಿ ತನಕ ನಾನು ನೀರಿಗೂ ಮುಂದಿನ ಬಾಗಿಲಿನಿಂದ ಹೋಗಲಿಲ್ಲ. ಅವನು ಕೆಲಸಕ್ಕೇ ಹೋಗಲಿಲ್ಲ. ಆಫ್ತಾಬಣ್ಣ ಬಂದು "ಆಗಿದ್ದು ಆಗಿ ಹೋತು, ಬಾರೋ" ಎಂದು ಕರೆದರೂ ಬಾಗಿಲ ಹಿಂದಿನಿಂದಲೇ ಹೂಂ ಅಂದ.

ಮೂರನೆಯ ದಿನ ಮುಂಜಾನೆ ಚಿಗವ್ವ ತಾನೇ ಬಂದಳು. ಬೈಯಲು ಬಂದಳೆಂದು ನಾನು ಸೆರಗು ಸರಿ ಮಾಡಿಕೊಂಡು ತಲೆ ಬಗ್ಗಿಸಿ ನಿಂತೆ.

"ಶ್ರೀಧರ ಅದಾನೇನವ್ವಾ? ಮಗ್ಗ ಎಬ್ಬಸಬೇಕು. ಬಾ ಅನ್ನು."

ಪರಶು ಅಲ್ಲೇ ಇದ್ದ. "ಇಂವ ಯಾಕ ಚಿಗವ್ವಾ? ಇಂವಗ ಲಾಳಿ ಹಿಡಿಯಾಕರ ಬರ್ತೈತೇನ? ನಾ ಕೂಡ್ತೀನಿ."

"ನಿನ್ನ ಮನಿ ನಮ್ಮ ಬಾಜೂಕ ಐತೇನೋ? ಇವರಪ್ಪ ಹೋದಾಗ ನಮ್ಮನಿಯವರು ಕೂತಿದ್ರು. ಈಗ ಇಂವ ಕೂಡಬೇಕು."

ಅವನು ಕುಣಿಗೆ ಇಳಿದ. ಹುಡುಗನಿದ್ದಾಗ ಅಪ್ಪನ ಹತ್ತಿರ ಅಷ್ಟಿಷ್ಟು ಕಲಿತದ್ದನ್ನು ಎಂದೋ ಮರೆತಿದ್ದ. ಹಲಗೆ ತುಳಿದ, 'ಕಿರ್' ಎಂದಿತು. ಅವನ ಕೈ ಅಲ್ಲೇ ನಿಂತಿತು. ಲಾಳಿ ಎಸೆದ, ಅದು ದಾರಿ ತಪ್ಪಿ ಚಿಗವ್ವನ ಕಾಲ ಹತ್ತಿರ ಹೋಗಿ ಬಿತ್ತು. ಯಾರೋ ಕಿಸಕ್ಕೆಂದರು. ಚಿಗವ್ವ ಲಾಳಿ ಎತ್ತಿ ಅವನ ಕೈಗೆ ಕೊಟ್ಟಳು.

"ಗೇಣು ಆಗೂತನಕ ಏಳಬ್ಯಾಡ," ಅಂದಳು.

ಎಳೆ ಹರಿಯಿತು. ಗಂಟು ಹಾಕಿದ. ಮತ್ತೆ ಹರಿಯಿತು. ಅವನು ಮುಗಿಸುವ ತನಕ ಓಣಿಯ ಯಾವ ಮಗ್ಗವೂ ಏಳುವಂತಿಲ್ಲ. ಹೀಗಾಗಿ ಓಣಿಗೆ ಓಣಿಯೇ ಕೆಲಸವಿಲ್ಲದೆ ಜಗುಲಿಗಳ ಮೇಲೆ ಕೂತು ನನ್ನ ಗಂಡನ ಮಗ್ಗದ ಸಪ್ಪಳ ಕೇಳುತ್ತಿತ್ತು. ಟಕ್ ಎಂದರೆ ಪಟ್ ಇಲ್ಲ, ಪಟ್ ಎಂದರೆ ಬಹಳ ಹೊತ್ತು ಮತ್ತೊಂದಿಲ್ಲ. "ಇವತ್ತ ಆಗ್ತೈತೇನ್ರಿ, ನಾಳಿಗೆ ಬರೂಣೋ?" ಎಂದು ಪರಶು ಹೊರಗಿನಿಂದ ಕೂಗಿದ. ಎಲ್ಲರೂ ನಕ್ಕರು. ಸಾವಿನ ಮನೆಯ ಮುಂದೆ ನಗಿಸಿದವರಾದೆವಲ್ಲ ಎಂದು ನನಗೆ ಮತ್ತೊಂದು ನಾಚಿಕೆ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ತಪ್ಪು ಹೊಡೆದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ. ಆ ಮಗ್ಗ ಹೇಗೆ ಹೊಡೆಯಬೇಕೆಂದು ಅವನ ಕಿವಿಗಿಂತ ಚೆನ್ನಾಗಿ ಇನ್ನಾರ ಕಿವಿಗೆ ಗೊತ್ತಿತ್ತು?

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗೇಣು ಆಯಿತು. ಅಂಚು ಸೊಟ್ಟ, ನಡುವೆ ಸಡಿಲ. ಪರಶು ಅದನ್ನು ಬಿಚ್ಚಿ ಹಾಕಲು ಹೋದ. "ಇರ್ಲಿ ಬಿಡು" ಅಂದಳು ಚಿಗವ್ವ. ಒಂದೊಂದೇ ಮನೆಯ ಮಗ್ಗ ಎದ್ದಿತು, ಓಣಿ ತುಂಬಿತು. ಮಂದಿ ಚದುರಿದರು. ನನಗೆ ಜೀವ ಬಂದ ಹಾಗಾಯಿತು. ಮುಗಿಯಿತಲ್ಲ, ಇನ್ನು ತಲೆ ಎತ್ತಿ ನಡೆಯಬಹುದು ಎಂದುಕೊಂಡೆ.

ಕುಣಿಯಿಂದ ಎದ್ದವನನ್ನು ಚಿಗವ್ವ ಜಗುಲಿಯ ಮೇಲೆ ಕೂಡಿಸಿದಳು. ಮಜ್ಜಿಗೆ ಕೊಟ್ಟಳು. ಅವನು ಕುಡಿದಾದ ಮೇಲೆ ಮೆಲ್ಲಗೆ ಕೇಳಿದಳು.

"ತಮ್ಮಾ, ಬಿಡುಗಡಿ ದಿನ ಮೊದಲ ಅವರಿಗೇ ಕೇಳಸ್ತೀನಿ ಅಂದಿದ್ದೆಂತಲ್ಲ. ನನಗ ಹೇಳಿದ್ರು. ಅವತ್ತ ಗದ್ಲದಾಗ ನನಗ ನೆಟ್ಟಗ ಕೇಳಲಿಲ್ಲ. ಒಂದೀಟು ಹಚ್ಚು ನೋಡೂಣು. ಅವರು ಕೆಮ್ಮತಾರಲ್ಲ, ಅಲ್ಲಿಂದ ಹಚ್ಚು."

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಅಳಿಸಿಬಿಟ್ಟೆ, ಚಿಗವ್ವಾ."

"ಎಲ್ಲಾ?"

"ಎಲ್ಲಾ. ನಾಚಿಕಿ ಬಂತ್ರಿ."

ಚಿಗವ್ವ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ನಿನ್ನ ನಾಚಿಕಿ ಏನೋ ನಿಂದು," ಅಂದಳು, "ಕೆಮ್ಮು ನಮ್ಮನಿಯವರದ ಇತ್ತಲ್ಲೋ ತಮ್ಮಾ." ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಈಗಲೂ ಪ್ರತಿ ಶುಕ್ರವಾರ ಅವನು ಫೋನಿನ ಮುಂದೆ ಕೂಡುತ್ತಾನೆ. ಯಾವ ಊರಿನಲ್ಲಿ ಯಾವ ಆಲ್ಬಮ್ ಬಂತೆಂದು ಹೇಳುತ್ತಾನೆ, ಮೊದಲಿನ ಉಮೇದಿ ಇಲ್ಲ. ಕಡೆಗೆ ಕೈ ಮುಗಿದು ಕೇಳುತ್ತಾನೆ: ಆ ಶುಕ್ರವಾರ ನನ್ನ ಮಗ್ಗದ ಹಾಡು ಸ್ವಲ್ಪ ಹೊತ್ತು ಬಂದಿತ್ತು, ಯಾರಾದರೂ ಇಳಿಸಿಕೊಂಡಿದ್ದರೆ ಕಳಿಸಿಕೊಡ್ರಿ, ಪೂರ್ತಿ ಇಲ್ಲದಿದ್ದರೂ ನಡೆಯುತ್ತದೆ, ಅದರಲ್ಲೊಂದು ಕೆಮ್ಮು ಇದೆ, ಅಷ್ಟಿದ್ದರೂ ಸಾಕು. ಈ ತನಕ ಯಾರೂ ಕಳಿಸಿಲ್ಲ.

ಅವನು ಮುಗಿಸಿ ಹೊರಗೆ ಬರುವ ಹೊತ್ತಿಗೆ ಶಿವಬಸವ್ವ ಚಿಗವ್ವ ಜಗುಲಿಯ ಮೇಲೆ ಕೂತಿರುತ್ತಾಳೆ. ಅವಳಿಗೂ ಶುಕ್ರವಾರ ಎಂದರೆ ಏನೆಂದು ಗೊತ್ತಾಗಿದೆ.

"ಸಿಕ್ಕಿತೇನ ತಮ್ಮಾ?" ಎಂದು ಕೇಳುತ್ತಾಳೆ.