ಆರು ತಿಂಗಳಿನ ದೊಡ್ಡಾಕಿ

ನನ್ನ ಹೆಂಡತಿ ಮಹಾದೇವಿ ನನಗಿಂತ ಆರು ತಿಂಗಳು ದೊಡ್ಡವಳು. ಅವಳು ಹುಟ್ಟಿದ್ದು ಯುಗಾದಿಯ ಸುಮಾರಿಗೆ, ನಾನು ದಸರೆಯ ಸುಮಾರಿಗೆ. ಮದುವೆಯಲ್ಲಿ ಎರಡೂ ಮನೆಯ ಹಿರಿಯರು ಈ ಸಂಗತಿಯನ್ನು ಮೆಲ್ಲಗೆ ಮುಚ್ಚಿಟ್ಟರು. ಮುಚ್ಚಿಟ್ಟು ಏನು ಬಂತು? ಅವಳೇ ಓಣಿಗೆಲ್ಲ ಹೇಳಿಕೊಂಡು ಬಂದಳು. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ಅವಳ ಕಡೆಯ ಅಸ್ತ್ರ ಒಂದೇ ಇತ್ತು: "ನನಗಿಂತ ಸಣ್ಣಾವ್ರು ನೀವು, ಸುಮ್ಮ ಕೂಡ್ರಿ." ನಾನು ಕೂಡುತ್ತಿದ್ದೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮದೊಂದು ಝೆರಾಕ್ಸ್ ಅಂಗಡಿ. ಸುತ್ತಲೂ ಕಾಲೇಜುಗಳು, ಹಾಗಾಗಿ ಅಂಗಡಿಗೊಂದು ಕಂಪ್ಯೂಟರೂ ಬಂತು. ಮೇಲಿನ ಮಹಡಿಯಲ್ಲಿ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುವ ಕ್ಲಾಸು ಶುರುವಾದಾಗ, ಪಿಯುಸಿಗೆ ಓದು ನಿಲ್ಲಿಸಿದ ನನಗೆ ಕಲಿಯುವ ಹುಕಿ ಹುಟ್ಟಿತು. ಕಾಲೇಜು ಹುಡುಗರ ನಡುವೆ ಒಬ್ಬನೇ ಕೂಡಲು ನಾಚಿಕೆಯಾಗಿ ಮಹಾದೇವಿಯನ್ನು ಜೊತೆಗೆ ಕರೆದೊಯ್ದೆ. ಜೊತೆಗೆ ಬಂದವಳು ಕಲಿತಳು. ಕಲಿಯಲು ಹೋದವನು ಅವಳ ಜೊತೆಗಾರನಾದೆ.

ಕಲಿಸುವ ಟೀಚರು ಬಾದಾಮಿಯವರು, ಪ್ರವಾಸಿಗರಿಗೆ ಗುಹೆ ತೋರಿಸುವ ಗೈಡಿನ ಮಗಳು. ಆಬ್ಜೆಕ್ಟ್ ಎಂದರೇನು ಎಂಬುದಕ್ಕೆ ಅವರಿಗೆ ಗುಹೆಯೇ ಉದಾಹರಣೆ. ಒಳಗೆ ಇರುವ ಕಂಬ, ಮೂರ್ತಿ, ಮೆಟ್ಟಿಲು ಅದರ ಗುಣಗಳು. ಗೈಡು ಮೆಥಡ್ ಇದ್ದಂತೆ, ಹೇಳ್ರಿ ಅಂದಾಗ ಮಾತ್ರ ಬಾಯಿ ಬಿಡುತ್ತಾನೆ. ಮಹಾದೇವಿಗೆ ಗುಹೆ ಬೇಕಾಗಲಿಲ್ಲ. ಅವಳು ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವಳು. ಅಲ್ಲಿನ ಸೀರೆಗೆ ಮಗ್ಗದ ಮೇಲೆ ಉದ್ದಕ್ಕೆ ಹಾಸುವ ಎಳೆ ಮೈಗೇ ಬೇರೆ, ಸೆರಗಿಗೇ ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಆ ಕೊಂಡಿಯನ್ನು ಚಿಕ್ಕಂದಿನಿಂದ ನೋಡಿದವಳಿಗೆ, ಮೈ, ಅಂಚು, ಸೆರಗು ತಮ್ಮ ತಮ್ಮ ಹೆಸರಿನಲ್ಲಿದ್ದೂ ಎಲ್ಲ ಸೇರಿ ಒಂದೇ ಸೀರೆ ಎನ್ನುವುದು ಹೊಸ ಮಾತಾಗಿರಲಿಲ್ಲ.

ನನ್ನ ಬಂಡಿ ಸಿಕ್ಕಿಕೊಂಡದ್ದು ಗೆಟರ್ ಹತ್ತಿರ. ಅದು ಹೊರಗಿನಿಂದ ನೋಡಿದರೆ ಬರೆದಿಟ್ಟ ಗುಣದಂತೆ ಕಾಣುತ್ತದೆ. ಒಳಗೆ ಕೇಳಿದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಮೆಥಡನ್ನು ಕರೆಯುವಾಗ ಹೆಸರಿನ ಕೊನೆಗೆ ಹಚ್ಚುವ ಆವರಣ ಚಿಹ್ನೆ ಇದಕ್ಕೆ ಹಚ್ಚಬಾರದು. ನಾನು ಪ್ರತಿ ಸಲ ಹಚ್ಚುತ್ತಿದ್ದೆ. ಯಾರನ್ನು ಕರೆದರೂ ಕೊನೆಗೊಂದು "ರಿ" ಸೇರಿಸುವ ನಾಡಿನವನಿಗೆ ಬರಿಯ ಹೆಸರು ಹಿಡಿದು ಕರೆಯಲು ಕೈ ಬರಲಿಲ್ಲ. ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಬೈಯುತ್ತಿತ್ತು.

"ಮನಿ ಮಂದಿಗೆ ಯಾರರ ಬರ್ರಿ ಬರ್ರಿ ಅಂತಾರೇನ್ರಿ?" ಎಂದಳು ಮಹಾದೇವಿ. "ಹೆಸರ ಹಿಡದ ಕರೀರಿ, ಓ ಅಂತೈತಿ."

ಓ ಅಂದಿತು.

ಒಂದು ದಿನ ಟೀಚರು ನಮ್ಮ ನಮ್ಮ ಬಗ್ಗೆಯೇ ಆಬ್ಜೆಕ್ಟ್ ಬರೆಯಲು ಹೇಳಿದರು. ನಾನು ನನ್ನ ವಯಸ್ಸನ್ನು ನೆಟ್ಟಗೆ ಅಂಕಿಯಲ್ಲಿ ಬರೆದೆ. ಮುಂದಿನ ದಸರೆಗೂ ಇಷ್ಟೇ ಇರುತ್ತೀರೇನು ಎಂದು ಮಹಾದೇವಿ ನಕ್ಕಳು. ಅವಳು ಹುಟ್ಟಿದ ದಿನವನ್ನು ಗುಣವಾಗಿ ಇಟ್ಟು, ವಯಸ್ಸನ್ನು ಗೆಟರ್ ಮಾಡಿದ್ದಳು. ಇವತ್ತಿನ ತಾರೀಖು ನೋಡಿ ಅದೇ ಎಣಿಸಿಕೊಳ್ಳುತ್ತಿತ್ತು. ನನ್ನದನ್ನೂ ಹಾಗೆಯೇ ತಿದ್ದಿ, ಇಬ್ಬರನ್ನೂ ಒಂದೇ ಪುಟಕ್ಕೆ ತಂದಳು. ನಾನು ಸುಮ್ಮನಿರದೆ ಕೆಳಗೊಂದು ಮೆಥಡ್ ಸೇರಿಸಿದೆ: ಇಬ್ಬರ ವಯಸ್ಸು ಹೋಲಿಸಿ, ದೊಡ್ಡವರು ಯಾರು ಎಂದು ಹೇಳಬೇಕು. ದಸರೆ ಆಗತಾನೆ ಮುಗಿದಿತ್ತು. ದಸರೆಯಿಂದ ಯುಗಾದಿಯವರೆಗೆ ನಮ್ಮಿಬ್ಬರದೂ ಒಂದೇ ಅಂಕಿ. ಪರದೆಯ ಮೇಲೆ "ಇಬ್ಬರೂ ಸಮ" ಎಂದು ಬಂತು. ನಾನು ಇಡೀ ಕ್ಲಾಸನ್ನು ಕರೆದು ತೋರಿಸಿದೆ.

ಮಹಾದೇವಿ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು ಏನೋ ಕುಟ್ಟಿದಳು. ಮತ್ತೆ ನೋಡಿದರೆ "ಮಹಾದೇವಿ" ಎಂದಿತ್ತು. ಏನು ಮಾಡಿದೆ ಎಂದು ಕೇಳಿದರೆ, "ಸಣ್ಣಾವ್ರಿಗೆ ಎಲ್ಲಾ ಹೇಳಬಾರ್ದು" ಎಂದಳು. ಹುಡುಗರೆಲ್ಲ ನಕ್ಕರು. ನಾನೂ ನಕ್ಕು ಬಿಟ್ಟುಬಿಟ್ಟೆ. ಆ ಪುಟ ಅಂಗಡಿಯ ಕಂಪ್ಯೂಟರಿಗೆ ಬಂತು. ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚಿ ಅದನ್ನು ತೆರೆಯುವುದು ನಮ್ಮ ರೂಢಿಯಾಯಿತು.

ಹೋದ ಶ್ರಾವಣದಲ್ಲಿ ಮಹಾದೇವಿ ಹೋದಳು. ಜ್ವರವೆಂದು ದವಾಖಾನೆಗೆ ನಡೆದುಕೊಂಡೇ ಹೋದವಳು ಮನೆಗೆ ತಿರುಗಿ ಬರಲಿಲ್ಲ. ನಾನು ರೂಢಿ ಬಿಡಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಪುಟ ತೆರೆದರೆ ಅವಳಿಗೆ ಒಂದು ವರ್ಷ ಹೆಚ್ಚಾಗಿತ್ತು. ಗೆಟರಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ನಾನಂತೂ ಮುಟ್ಟಿಸುವ ಮನಸ್ಸಿನಲ್ಲಿರಲಿಲ್ಲ.

ಹುನಗುಂದದಿಂದ ಬಂದ ಅವಳ ತಮ್ಮ ಅದನ್ನು ನೋಡಿದ. "ಮಾಮಾ, ಇದನ್ನ ನಿಲ್ಲಸ್ರಿ," ಎಂದ. "ಅಕ್ಕ ಇಲ್ಲದ ವಯಸ್ಸು ಬೆಳಿಯೂದು ನೋಡಾಕ ಆಗವಲ್ದು." ಟೀಚರನ್ನು ಕರೆಸಲೇ ಎಂದೂ ಕೇಳಿದ. ಬೇಡ, ನಾನೇ ಮಾಡುತ್ತೇನೆ ಎಂದೆ.

ಮಾಡುವುದು ಕಷ್ಟವಿರಲಿಲ್ಲ. ಅವಳ ಗೆಟರಿನಲ್ಲಿ ಇವತ್ತಿನ ತಾರೀಖು ಇದ್ದ ಕಡೆ ಅವಳು ಹೋದ ದಿನದ ತಾರೀಖು ಬರೆದರೆ ಸಾಕು. ಕಷ್ಟವಿದ್ದದ್ದು ಮುಂದಿನ ಲೆಕ್ಕದಲ್ಲಿ. ಅಂದು ಕ್ಲಾಸಿನಲ್ಲಿ ಅವಳು ಮಾಡಿದ ಯುಕ್ತಿಯೂ ಈ ಗೆಟರನ್ನೇ ನೆಚ್ಚಿರಬೇಕು, ಇದರ ಜೊತೆ ಅದೂ ನಿಲ್ಲುತ್ತದೆ ಎಂದು ನನ್ನ ಎಣಿಕೆ. ಅವಳದು ನಿಂತರೆ ಈಗಲೇ ಇಬ್ಬರೂ ಸಮ. ಬರುವ ದಸರೆಗೆ ನಾನೇ ದೊಡ್ಡವನು. ಸಂಸಾರದುದ್ದಕ್ಕೂ ಸಣ್ಣವನಾಗಿ ಬಾಳಿದವನಿಗೆ ಆ ಪದವಿ ಬೇಕಾಗಿರಲಿಲ್ಲ. ಆದರೂ ಆ ತಾರೀಖನ್ನು ನನ್ನ ಕೈಯಿಂದಲೇ ಬರೆದೆ. ಯಾರ ಸಹಾಯವೂ ಇಲ್ಲದೆ ನಾನು ಗೆಟರ್ ತಿದ್ದಿದ್ದು ಅದೇ ಮೊದಲು. ತಪ್ಪು ಬರಲಿಲ್ಲ. ಟೀಚರು ನೋಡಿದ್ದರೆ ಮೆಚ್ಚುತ್ತಿದ್ದರು.

ಪುಟವನ್ನು ಮತ್ತೆ ತೆರೆದೆ. ಅವಳ ವಯಸ್ಸು ಅವಳು ಬಿಟ್ಟುಹೋದಲ್ಲಿಗೆ ಬಂದು ನಿಂತಿತ್ತು. ನನ್ನದೂ ಅದೇ ಅಂಕಿ. "ಇಬ್ಬರೂ ಸಮ" ಎಂಬುದನ್ನು ಓದಲು ಮನಸ್ಸು ಗಟ್ಟಿ ಮಾಡಿಕೊಂಡು ಕೆಳಗಿನ ಸಾಲಿಗೆ ಕಣ್ಣು ಹಾಯಿಸಿದೆ.

"ಮಹಾದೇವಿ" ಎಂದಿತ್ತು.

ಎಲ್ಲೋ ತಪ್ಪಿದೆ ಎಂದುಕೊಂಡು, ಅಂದು ಕ್ಲಾಸಿನಲ್ಲಿ ಅವಳು ಕುಟ್ಟಿದ್ದನ್ನು ಮೊದಲ ಸಲ ತೆರೆದು ಓದಿದೆ. ಅವಳು ವಯಸ್ಸಿನ ಗೊಡವೆಗೇ ಹೋಗಿರಲಿಲ್ಲ. ಇಬ್ಬರ ಹುಟ್ಟಿದ ದಿನಗಳನ್ನು ಪಕ್ಕಪಕ್ಕ ಇಟ್ಟು, ಯಾರದು ಮೊದಲೋ ಅವರೇ ದೊಡ್ಡವರು ಎಂದು ಬರೆದಿದ್ದಳು. ಅಲ್ಲಿ ಇವತ್ತಿನ ತಾರೀಖು ಎಂಬುದೇ ಇಲ್ಲ. ಎಷ್ಟು ದಸರೆ ಬಂದರೂ ಆ ಉತ್ತರ ಅಲ್ಲಾಡುವುದಿಲ್ಲ. ಎಂಥ ಅಚ್ಚುಕಟ್ಟಾದ ಕೆಲಸ! ಮೈದುನನನ್ನು ಕರೆದು ಸಾಲು ಸಾಲಾಗಿ ಓದಿ ಹೇಳಿದೆ. ಅಂಗಡಿಗೆ ಬಂದ ಹುಡುಗರಿಗೂ ತೋರಿಸಿದೆ.

ಆಮೇಲೆ ಸುಮ್ಮನೆ ಕೂತೆ.